ಓದಿಸಿಕೊಂಡವನು

ಬೆಳಗಿನಿಂದ ಇದು ಮೂರನೆಯ ಸಲ. ಮ್ಯೂಸಿಯಮ್ಮಿನ ಹಿತ್ತಲ ಪಾಯಿಖಾನೆಯ ಬಾಗಿಲಿಗಿದ್ದ ಮೊಳೆ ಕಿತ್ತುಹೋಗಿ ವರ್ಷವಾಗಿದ್ದರಿಂದ ಥುಯೆನ್ ತನ್ನ ಮಿಲಿಟರಿ ಕೋಟನ್ನು ಮೊಣಕೈಗೆ ನೇತುಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಕೋಟಿನ ಎದೆಗೆ ಚುಚ್ಚಿದ್ದ ಒಂಬತ್ತು ಪದಕಗಳು ಅವನು ಉಸಿರೆಳೆದರೂ ಸಾಕು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಹೊರಗೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಯಾರೋ ಆ ಸದ್ದಿಗೆ ನಿಂತು ಕಿವಿಗೊಟ್ಟಂತಾಯಿತು. ಥೂ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪದಕ ಬಾರಿಸಿಕೊಂಡು ಕಕ್ಕಸಿನಲ್ಲಿ ಕೂರುವ ಕರ್ಮವೇ ಅನ್ನಿಸಿ ಅವನು ಉಸಿರು ಬಿಗಿಹಿಡಿದ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಕುಡಿದದ್ದು ಅರ್ಧ ಬಟ್ಟಲು ಗಂಜಿ, ಅದೂ ಹೆಂಡತಿಯ ಬಲವಂತಕ್ಕೆ. "ಪರೀಕ್ಷೆಗೆ ಹೋಗೋ ಹುಡುಗನ ಥರ ಆಡ್ತೀಯಲ್ಲ, ಒಂದು ಸಹಿ ಹಾಕೋಕೆ ಇಷ್ಟೊಂದು ಸಂಭ್ರಮಾನಾ?" ಎಂದು ಅವಳು ಕೋಟಿನ ಧೂಳು ಒರೆಸುತ್ತ ನಕ್ಕಿದ್ದಳು. ಅವಳಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವಳಿಗೂ ಅವನು ಹೇಳಿರಲಿಲ್ಲ.

ಹೊರಗೆ ಬಂದಾಗ ಕಾವಲುಗಾರ ಸೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಬಾಂಬಿನ ಖಾಲಿ ಕವಚಗಳ ನಡುವೆ ಎಲೆ ಗುಡಿಸುತ್ತಿದ್ದ. "ಏನಣ್ಣ, ಹೊಟ್ಟೇಲಿ ಟೈಮ್ ಬಾಂಬ್ ಇಟ್ಕೊಂಡು ಬಂದಿದೀರಾ? ಸಾಲದ್ದಕ್ಕೆ ನೀವೇ ಬಾಂಬ್ ತೆಗೆಯೋರು!" ಎಂದು ಪೊರಕೆಗೆ ಗಲ್ಲ ಆನಿಸಿ ಹಲ್ಲು ಕಿರಿದ. "ಬಾಯಿ ಮುಚ್ಕೊಂಡು ಗುಡಿಸೋ" ಅಂದ ಥುಯೆನ್. ಬೇರೆ ದಿನವಾಗಿದ್ದರೆ ಅವನೂ ಒಂದು ಮಾತು ಸೇರಿಸಿ ನಗುತ್ತಿದ್ದ. ಈ ಅಂಗಳವೆಂದರೆ ಅವನಿಗೆ ಇಷ್ಟ. ಸೈನ್ಯದ ಬೇರೆ ಮ್ಯೂಸಿಯಮ್ಮುಗಳಲ್ಲಿ ಟ್ಯಾಂಕು, ವಿಮಾನ, ಫಿರಂಗಿ ಎಂದು ಮಕ್ಕಳು ಹತ್ತಿ ಕೂರುತ್ತಾರೆ. ಇಲ್ಲಿ ನೋಡಿದರೆ ಗುದ್ದಲಿ, ಹಾರೆ, ಹಗ್ಗದ ಸುರುಳಿ, ಬಂಡೆ ಕೊರೆಯುವ ಉಳಿ, ತೇಲುಸೇತುವೆಯ ಎರಡು ತುಂಡು. ಹೊಡೆಯುವ ಸಾಮಾನಿಗಿಂತ ದಾಟಿಸುವ ಸಾಮಾನೇ ಹೆಚ್ಚು. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಅವನು ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದ, ಮೂರನೆಯ ಕೋಣೆಯಲ್ಲಿ ಕಬ್ಬಿಣದ ದೋಣಿಯ ಪಕ್ಕ ನಿಂತು, ಬಂದ ವಿದ್ಯಾರ್ಥಿಗಳಿಗೆ ಯುದ್ಧದಲ್ಲಿ ಸತ್ತ ಜೊತೆಗಾರ ಖಾಂಗ್‌ನ ಕಥೆ ಹೇಳುತ್ತಿದ್ದ. ದೋಣಿ ಅದೇ ಅಲ್ಲ, ಅದರಂಥದ್ದು. ಅದೇ ದೋಣಿಯ ಒಂದು ಚೂರು ಕೂಡ ಸಿಕ್ಕಿರಲಿಲ್ಲ.

ಹೋದ ವಾರ ಮಿಯೆನ್ ಫೋನು ಮಾಡಿದಾಗ ಅವನು ಕೋಳಿಗಳಿಗೆ ಕಾಳು ಹಾಕುತ್ತಿದ್ದ. ಮಿಯೆನ್ ಮ್ಯೂಸಿಯಮ್ಮಿನ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿ, ಮೂವತ್ತೆರಡರ ಹುಡುಗಿ, ಹಳೆಯ ಕಾಗದ ಕಂಡರೆ ಹಸಿದವಳಂತೆ ಬೀಳುವವಳು. "ಚಿಕ್ಕಪ್ಪ, ಖಾಂಗ್ ಅವರ ತಂಗಿ ಸಿಕ್ಕಿಬಿಟ್ರು! ಆ ಶೋಕಪತ್ರ ಇದೆಯಂತೆ, ಅವರ ಮನೇಲೇ ಇದೆಯಂತೆ, ಪೂಜೆ ಜಾಗದಲ್ಲಿ ಇಟ್ಟಿದ್ರಂತೆ! ಗುರುವಾರ ತರ್ತಾರೆ. ನಿಮ್ಮ ಕಂಪನಿಯ ಸೈನಿಕರಲ್ಲಿ ಈಗ ಉಳಿದಿರೋರು ನೀವೊಬ್ರೇ. ಇದು ಖಾಂಗ್ ಅವರಿಗೆ ಓದಿದ ಪತ್ರವೇ, ಇದು ರಾಜಕೀಯ ಅಧಿಕಾರಿಗಳ ಕೈಬರಹವೇ ಅಂತ ನೀವೊಂದು ಸಹಿ ಹಾಕಿಬಿಟ್ರೆ ಸಾಕು, ಗಾಜಿನ ಪೆಟ್ಟಿಗೆಗೆ ಸೇರಿಸಿಬಿಡ್ತೀನಿ." ಅವನು ಆಗಲಿ ಆಗಲಿ ಅಂದ. ಅಂದುಬಿಟ್ಟ ಮೇಲೆ ಕಾಳಿನ ಡಬ್ಬಿಯನ್ನು ಎಲ್ಲಿಟ್ಟೆ ಎಂದು ಅದನ್ನು ಕೈಯಲ್ಲೇ ಹಿಡಿದು ಹುಡುಕಿದ. ಬರೀ ಬಾಯಲ್ಲಿ ಹೇಳಿದ ಸುಳ್ಳು ಒಂದು ಬಗೆ. ಅದು ಕೇಳಿದವರ ಜೊತೆ ಬಸ್ಸು ಹತ್ತಿ ಹೋಗಿಬಿಡುತ್ತದೆ. ಗಾಜಿನೊಳಗೆ ದೀಪ ಹಾಕಿ ಇಟ್ಟ ಸುಳ್ಳು, ಕೆಳಗೆ ಅವನ ಸಹಿ, ತಾನು ಸತ್ತ ಮೇಲೂ ಅದು ಅಲ್ಲೇ ಕೂತಿರುತ್ತದೆ. ಸಹಿ ಹಾಕದಿದ್ದರೆ ಕಾರಣ ಹೇಳಬೇಕು. ಅದೂ ಯಾರಿಗೆ, ಖಾಂಗ್‌ನ ತಂಗಿಗೆ.

"ಬದುಕಿದ್ದವರ ಶೋಕಸಭೆ ಅಂದ್ರೆ ಏನು ಗೊತ್ತಾ ಮಕ್ಕಳೇ?" ಎಂದು ಅವನು ಒಂಬತ್ತೂವರೆಗೆ ದೋಣಿಯ ಪಕ್ಕ ನಿಂತು ಶುರುಮಾಡಿದ. ಇವತ್ತು ಬಂದವರು ನರ್ಸಿಂಗ್ ಕಾಲೇಜಿನ ಹುಡುಗಿಯರು, ನಲವತ್ತು ಜನ, ಬಿಳಿ ಅಂಗಿ. ಸಾಯುವ ಕೆಲಸಕ್ಕೆ ಹೊರಟವನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನು ಸತ್ತಮೇಲೆ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿಬಿಡುವುದು. ಆಮೇಲೆ ಹೇಳೋಣವೆಂದರೆ ಎದುರಿಗೆ ಹೆಣವೂ ಇರುವುದಿಲ್ಲ, ಹೇಳುವವನಿಗೆ ಪುರುಸೊತ್ತೂ ಇರುವುದಿಲ್ಲ. ಎಪ್ಪತ್ತೆರಡರ ಬೇಸಿಗೆ, ಲಾಂಗ್ ಕಡವು. ನದಿಯ ತಳದಲ್ಲಿ ಶತ್ರುವಿಮಾನಗಳು ಉದುರಿಸಿದ ಅಯಸ್ಕಾಂತದ ಬಾಂಬುಗಳು ಕೂತಿದ್ದವು, ಮೇಲೆ ಕಬ್ಬಿಣ ಹಾದರೆ ಸಿಡಿಯುವಂಥವು. ಕತ್ತಲಾಗುವ ಹೊತ್ತಿಗೆ ನಲವತ್ತು ಲಾರಿ ದಾಟಬೇಕು. ಯಾರಾದರೊಬ್ಬ ಕಬ್ಬಿಣದ ದೋಣಿಯನ್ನು ಪೂರಾ ವೇಗದಲ್ಲಿ ಓಡಿಸಿ ಆ ಬಾಂಬುಗಳನ್ನು ಎಬ್ಬಿಸಿ ಸಿಡಿಸಬೇಕು. ದೋಣಿಯ ಹಿಂದೆ ಸಿಡಿದರೆ ನೀರಿಗೆ ಎಸೆಯಲ್ಪಡುತ್ತಾನೆ, ಈಜಿ ದಡ ಸೇರಬಹುದು. ಕೆಳಗೇ ಸಿಡಿದರೆ ಮುಗಿಯಿತು. "ಖಾಂಗ್ ನಾನೇ ಹೋಗ್ತೀನಿ ಅಂದ. ಇಡೀ ಕಂಪನಿ ಸಾಲಾಗಿ ನಿಂತ್ವಿ. ಕಂಪನಿಗೆ ಪಕ್ಷದವರು ನೇಮಿಸಿದ್ದ ರಾಜಕೀಯ ಅಧಿಕಾರಿ ಶೋಕಪತ್ರ ಓದಿದ್ರು. ಖಾಂಗ್ ತನ್ನ ಶೋಕಪತ್ರ ತಾನೇ ಕೇಳ್ತಾ ನಗ್ತಾ ನಿಂತಿದ್ದ." ಇಲ್ಲಿ ಅವನು ಯಾವಾಗಲೂ ಸ್ವಲ್ಪ ತಡೆಯುತ್ತಿದ್ದ, ಹುಡುಗಿಯರ ಕಣ್ಣು ಒದ್ದೆಯಾಗುತ್ತಿತ್ತು. ಅವನಿಗೆ ಅದು ಅಭ್ಯಾಸವಾಗಿತ್ತು, ಅದಕ್ಕೇ ನಾಚಿಕೆಯೂ ಆಗುತ್ತಿತ್ತು.

ಹಿಂದಿನ ಸಾಲಿನಿಂದ ಗುಂಗುರು ಕೂದಲಿನ ಒಬ್ಬಳು ಕೈ ಎತ್ತಿದಳು. "ಅಜ್ಜ, ಶೋಕಸಭೆ ಮಾಡಿಸಿಕೊಂಡು ಹೋದವರು ಬದುಕಿ ವಾಪಸ್ ಬಂದುಬಿಟ್ರೆ ಏನ್ ಮಾಡ್ತಿದ್ರು?" ಉಳಿದವರು ಕಿಸಕ್ಕನೆ ನಕ್ಕರು. "ಏನ್ ಮಾಡೋದು, ಆ ಪತ್ರದಲ್ಲೇ ಹೊಗೆಸೊಪ್ಪು ಸುತ್ತಿ ಸೇದಿಬಿಡ್ತಿದ್ದೆ" ಅಂದ ಥುಯೆನ್. ಅಂದಮೇಲೆ ನಾಲಿಗೆ ಕಚ್ಚಿಕೊಂಡ. "ಸೇದಿಬಿಡ್ತಿದ್ರು. ನಮ್ಮ ಕಂಪನೀಲಿ ಹಾಗೊಂದು ಪದ್ಧತಿ ಇತ್ತು. ತನ್ನ ಶೋಕಪತ್ರ ತಾನೇ ಸೇದಿ ಉಗುಳಿದ್ರೆ ಸಾವು ಮತ್ತೆ ಹತ್ರ ಬರಲ್ಲ ಅಂತ." ಯಾರೂ ಗಮನಿಸಲಿಲ್ಲ. ಹುಡುಗಿಯರು ದೋಣಿಯ ಮುಂದೆ ಫೋಟೋ ತೆಗೆಸಿಕೊಂಡರು. ಅವರ ಮಧ್ಯೆ ನಿಂತು ಅವನೂ ಎರಡು ಬೆರಳು ಎತ್ತಿ ತೋರಿಸಿದ.

ಓದಿದ್ದು ಖಾಂಗ್‌ಗಲ್ಲ. ಓದಿದ್ದು ಥುಯೆನ್‌ಗೆ. ಕಂಪನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಈಜುತ್ತಿದ್ದವನು ಅವನೇ, ಅದಕ್ಕೆ ಅವನನ್ನು ಆರಿಸಿದ್ದರು. ಸಂಜೆಯ ಬಿಸಿಲು ಇನ್ನೂ ಬಿದಿರಿನ ತುದಿಯಲ್ಲಿತ್ತು. ಅವನನ್ನು ಮುಂದೆ ನಿಲ್ಲಿಸಿ ರಾಜಕೀಯ ಅಧಿಕಾರಿ ಜೇಬಿನಿಂದ ಕಾಗದ ತೆಗೆದ. ಕಾಮ್ರೇಡ್ ಥುಯೆನ್ ಕುಂಬಾರರ ಮನೆಯ ಒಬ್ಬನೇ ಮಗನಾಗಿದ್ದ, ಎಂದು ಶುರುವಾಯಿತು. ಆಗಿದ್ದ. ತಾಯಿಯನ್ನು ಅಗಲಿದ, ನಮ್ಮನ್ನು ಅಗಲಿದ.  ಎದುರಿಗೆ ನಿಂತವರು ತನ್ನನ್ನು ನೋಡುತ್ತಿಲ್ಲ, ತಾನು ನಿಂತ ಜಾಗವನ್ನು ನೋಡುತ್ತಿದ್ದಾರೆ ಅನ್ನಿಸಿತು. ಅಡುಗೆಯವನೊಬ್ಬ ಆಗಲೇ ಅಳುತ್ತಿದ್ದ. ಆ ಅಳು ಕೇಳಿ ಅವನಿಗೆ ಮೈಯೆಲ್ಲ ಉರಿದು ಬಂತು: ಅಯ್ಯೋ ಬೋಳಿಮಗನೇ, ನಾನಿನ್ನೂ ಇಲ್ಲೇ ಇದ್ದೀನಲ್ಲೋ! ಪತ್ರ ಮುಗಿಯಿತು, ಎಲ್ಲರೂ ಬಂದು ಕೈ ಹಿಡಿದರು, ಯಾರೋ ಕೊನೆಯ ಸಕ್ಕರೆ ಹಾಕಿದ ಚಹ ಕೊಟ್ಟರು. ದೋಣಿಯ ಹತ್ತಿರ ಇಂಜಿನ್ ನೋಡುವ ಹುಡುಗ ಖಾಂಗ್ ಮೊಣಕಾಲುದ್ದ ಕೆಸರಲ್ಲಿ ನಿಂತು ಹಗ್ಗ ಎಳೆದು ಇಂಜಿನ್ ಚಾಲೂ ಮಾಡಿದ್ದ. ಆಗ ಥುಯೆನ್‌ನ ಹೊಟ್ಟೆಯಲ್ಲಿ ತಿರುಚಿ ಬಂತು. ಒಂದೇ ನಿಮಿಷ ಎಂದು ಅವನು ಪೊದೆಯ ಕಡೆ ಓಡಿದ.

ಆ ನೋವು ನಿಜವಾಗಿತ್ತೇ? ಇದನ್ನು ಅವನು ನಲವತ್ತಾರು ವರ್ಷದಿಂದ ಕೇಳಿಕೊಂಡಿದ್ದಾನೆ. ಹೊಟ್ಟೆಯಂತೂ ಹೋಗಿತ್ತು, ಅದಕ್ಕೆ ಸಾಕ್ಷಿ ಆ ಪೊದೆ. ಆದರೆ ಎದ್ದು ಬರಬಹುದಿತ್ತು. ಎಷ್ಟು ಹೊತ್ತು ಕೂತಿದ್ದ? ಎಲೆಯ ಮೇಲೆ ಒಂದು ಕೆಂಪು ಇರುವೆ ಸತ್ತ ಹುಳವನ್ನು ಎಳೆಯುತ್ತಿತ್ತು, ಅದು ಎಲೆಯ ಈ ತುದಿಯಿಂದ ಆ ತುದಿ ಮುಟ್ಟುವವರೆಗೂ ಅವನು ನೋಡಿದ್ದ. ನೋಡಬೇಕಾಗಿರಲಿಲ್ಲ. ಅಧಿಕಾರಿ ಕೂಗಿದ, ಹೊತ್ತಾಯಿತು, ಬೆಳಕು ಹೋಗ್ತಿದೆ, ಎಲ್ಲಿ ಸತ್ತ ಅವನು. ಇಂಜಿನ್ ಬಿಸಿಯಾಗಿ ಗುರುಗುಡುತ್ತಿತ್ತು. ಖಾಂಗ್ ಪೊದೆಯ ಕಡೆ ಮುಖ ಮಾಡಿ ಒಂದು ಮಾತು ಹೇಳಿದ. ಹೇಳಿ ನಕ್ಕು ದೋಣಿಗೆ ಹತ್ತಿದ. ಆ ಮಾತನ್ನು ಥುಯೆನ್ ಯಾವ ಗುರುವಾರವೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಳ್ಳುತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಒಂದು ಸಿಡಿಯಿತು, ಎರಡನೆಯದರಲ್ಲಿ ಎರಡು. ದಡದಲ್ಲಿ ಜನ ಕುಣಿದರು. ಮೂರನೆಯ ಸುತ್ತಿನಲ್ಲಿ ಬಾಂಬು ದೋಣಿಯ ಹಿಂದೆಯೇ ಸಿಡಿಯಿತು, ದೋಣಿ ಮಗುಚಿ ಚೂರಾಯಿತು, ಖಾಂಗ್ ನೀರಿಗೆ ಬಿದ್ದದ್ದನ್ನು ಎಲ್ಲರೂ ಕಂಡರು. ಚಡ್ಡಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬಂದ ಥುಯೆನ್ ಕೂಡ ಕಂಡ. ಆಮೇಲೆ ನೀರು ಮುಚ್ಚಿಕೊಂಡಿತು. ಲಾರಿಗಳು ದಾಟಿದವು. ಅದೇ ರಾತ್ರಿ ಕಂಪನಿ ಕಡವು ಬಿಟ್ಟು ಹೊರಡಬೇಕಾಯಿತು. ಅಧಿಕಾರಿ ಅವನ ಕೈಗೆ ಆ ಕಾಗದ ತುರುಕಿ, "ತಗೋ, ಇದು ನಿನ್ನದು" ಅಂದ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಖಾಂಗ್‌ಗಾಗಿ ಯಾರೂ ಏನೂ ಓದಲಿಲ್ಲ. ಓದಬೇಕಾಗಿದ್ದ ಅಧಿಕಾರಿಯೇ ಎರಡು ದಿನ ಬಿಟ್ಟು ಸತ್ತ.

ನಾಲ್ಕು ತಿಂಗಳ ಮೇಲೆ ಖಾಂಗ್‌ನ ತಾಯಿಯಿಂದ ಕಾಗದ ಬಂತು, ಊರ ಮೇಷ್ಟರ ಕೈಯಲ್ಲಿ ಬರೆಸಿದ್ದು. ಹೋಗುವ ಮೊದಲು ಹುಡುಗರಿಗೆ ಶೋಕಪತ್ರ ಓದುತ್ತಾರಂತಲ್ಲ, ನನ್ನ ಮಗನ ಬಗ್ಗೆ ಏನು ಓದಿದರು, ನನಗೂ ಕೇಳಬೇಕು, ಎಂದು. ಉತ್ತರ ಬರೆಯುವ ಕೆಲಸ ಅಕ್ಷರ ದುಂಡಗಿದ್ದ ಥುಯೆನ್‌ಗೇ ಬಂತು. ಅವನು ಚೀಲದ ತಳದಿಂದ ತನ್ನ ಶೋಕಪತ್ರ ತೆಗೆದು ಕಲ್ಲಿನ ಮೇಲಿಟ್ಟುಕೊಂಡು ಹೊಸ ಹಾಳೆಯಲ್ಲಿ ನಕಲು ಮಾಡಿದ. ಹೆಸರು ಬದಲಿಸಿದ, ಊರು ಬದಲಿಸಿದ, ಕುಂಬಾರಿಕೆ, ಒಬ್ಬನೇ ಮಗ ಎನ್ನುವುದನ್ನು ತೆಗೆದ. ಈಜಿನ ಸಾಲು ಬಂದಾಗ ಪೆನ್ನು ನಿಂತಿತು; ಆಮೇಲೆ ಅದನ್ನೂ ಬರೆದ. ಕೆಳಗೆ ಸತ್ತ ಅಧಿಕಾರಿಯ ಸಹಿಯನ್ನು ತಾನೇ ಹಾಕಿದ. ತಾಯಿಗೆ ಸಮಾಧಾನವಾಗಲಿ ಎಂದು ಮಾಡಿದೆ ಎಂದು ಆಗ ಅಂದುಕೊಂಡಿದ್ದ, ಸ್ವಲ್ಪ ಪುಣ್ಯವೂ ಬಂತು ಎಂದುಕೊಂಡಿದ್ದ. ಅವತ್ತು ಮೂಲದಲ್ಲಿ ಹೊಗೆಸೊಪ್ಪು ಸುತ್ತಿ ಸೇದಿದ. ಶಾಯಿಯ ವಾಸನೆಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು.

"ಚಿಕ್ಕಪ್ಪ, ಬಂದ್ರು ಬನ್ನಿ" ಎಂದು ಮಿಯೆನ್ ಬಾಗಿಲಲ್ಲಿ ಇಣುಕಿದಳು.

ದಾಖಲೆ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ ಹೆಂಗಸನ್ನು ನೋಡಿ ಅವನಿಗೆ ಒಂದು ಕ್ಷಣ ಗೊಂದಲವಾಯಿತು. ಹದಿನಾಲ್ಕು ವರ್ಷದ ಹುಡುಗಿಯ ಫೋಟೋವನ್ನು ಖಾಂಗ್ ತೋರಿಸಿದ್ದ, ಎರಡು ಜಡೆ, ಮುಂದಿನ ಹಲ್ಲು ಮುರಿದದ್ದು. ಇವಳು ಅರವತ್ತರ ಗಟ್ಟಿಮುಟ್ಟಾದ ಹೆಂಗಸು, ಬಿಸಿಲಿಗೆ ಸುಟ್ಟ ಮುಖ, ಕಾಲ ಬಳಿ ಎರಡು ಬುಟ್ಟಿ. ನಕ್ಕಾಗ ಹಲ್ಲು ಅದೇ. "ಥೋಮ್ ಅಂತ. ಬಾತುಕೋಳಿ ಸಾಕ್ತೀನಿ" ಅಂದಳು, ಅದೊಂದು ಹುದ್ದೆಯೆಂಬಂತೆ. "ನೀವೇ ಅಲ್ವಾ ಥುಯೆನ್ ಅಣ್ಣ? ಟೀವೀಲಿ ನೋಡಿದೀನಿ. ಟೀವೀಲಿ ಸ್ವಲ್ಪ ದಪ್ಪ ಕಾಣ್ತೀರಿ." ಬುಟ್ಟಿಯಿಂದ ಉಪ್ಪು ಹಾಕಿ ಬೇಯಿಸಿದ ಬಾತುಮೊಟ್ಟೆ, ಬಾಳೆಲೆಯಲ್ಲಿ ಕಟ್ಟಿದ ಅಂಟನ್ನ ತೆಗೆದು ದಾಖಲೆಗಳ ಮೇಜಿನ ಮೇಲೇ ಹರಡಿದಳು. ಮಿಯೆನ್ ಅಯ್ಯಯ್ಯೋ ಎಂದು ಫೈಲುಗಳನ್ನು ಎತ್ತಿಕೊಂಡಳು. "ತಿನ್ನಿ ತಿನ್ನಿ, ನಾಲ್ಕು ಗಂಟೆ ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಂಡು ಬಂದಿದೀನಿ, ಒಂದೂ ಒಡೆದಿಲ್ಲ." ಥುಯೆನ್ ಏನಾದರೂ ಮಾಡಬೇಕಲ್ಲ ಎಂದು ಎಲ್ಲರಿಗೂ ಚಹ ಬಗ್ಗಿಸಿದ, ಒಂದು ಮೊಟ್ಟೆ ಸುಲಿದು ತಿಂದ.  ಥೋಮ್ ಮಾತು ನಿಲ್ಲಿಸಿ ಅವನ ಕೈಯನ್ನೇ ನೋಡುತ್ತಿದ್ದಳು. ಸುಕ್ಕು ನೋಡುತ್ತಿದ್ದಾಳೆ ಅಂದುಕೊಂಡ.

"ಅಮ್ಮ ಹೋದ ವರ್ಷ ಹೋದ್ರು" ಅಂದಳು. "ತೊಂಬತ್ತೈದು. ಕೊನೇವರೆಗೂ ಕಿವಿ ಚುರುಕು. ಪ್ರತಿ ವರ್ಷ ಅಣ್ಣನ ತಿಥಿ ದಿನ ಇದನ್ನ ಓದಿಸ್ತಿದ್ರು. ನನಗೆ ಬಾಯಿಪಾಠ ಆಗಿಹೋಗಿದೆ, ಬೇಕಾದ್ರೆ ಕಣ್ಣು ಮುಚ್ಚಿ ಹೇಳ್ತೀನಿ." ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ ಇನ್ನೊಂದು ಚೀಲ, ಅದರೊಳಗಿನಿಂದ ಊದುಕಡ್ಡಿಯ ಹೊಗೆಗೆ ಕಂದಾದ ಹಾಳೆ ಬಂತು. ಮಿಯೆನ್ ಬಿಳಿ ಕೈಗವಸು ಹಾಕಿಕೊಂಡು ಅದನ್ನು ಮೇಜಿನ ಮೇಲೆ ಹರಡಿ, ಉಸಿರು ಸೋಕದ ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಓದಿ ನೋಡಿ ಚಿಕ್ಕಪ್ಪ."

ಅವನು ಕನ್ನಡಕ ಹಾಕಿಕೊಂಡ. ತನ್ನ ಅಕ್ಷರ. ಇಪ್ಪತ್ತೈದು ವರ್ಷದ ಹುಡುಗನ ದುಂಡಗಿನ, ಹಿಂದಕ್ಕೆ ವಾಲಿದ ಅಕ್ಷರ, ಈಗ ಅವನಿಗೇ ಯಾರದೋ ಎನಿಸುವಂಥದ್ದು. ಕಾಮ್ರೇಡ್ ಖಾಂಗ್ ಪ್ರವಾಹಕ್ಕೆ ಎದುರಾಗಿ ನೀರುನಾಯಿಯ ಹಾಗೆ ಈಜುತ್ತಿದ್ದ. ಅವನು ಹಾಡಿದರೆ ನಮ್ಮ ಭುಜದ ಭಾರ ಇಳಿಯುತ್ತಿತ್ತು. ನಮ್ಮೆಲ್ಲರ ಬಲಗೈಗಳಿಗಿಂತ ಅವನ ಎಡಗೈ ಬೇಗ ಹಗ್ಗದ ಗಂಟು ಬಿಗಿಯುತ್ತಿತ್ತು. ಅಲ್ಲಿಗೆ ಬಂದಾಗ ಅವನ ಕಣ್ಣು ಮುಂದೆ ಹೋಗಲಿಲ್ಲ. ಹೆಸರು, ಊರು, ಅಪ್ಪನ ಕಸುಬು ಎಲ್ಲವನ್ನೂ ಹುಡುಕಿ ಹುಡುಕಿ ತೆಗೆದವನು ಇದನ್ನು ಬಿಟ್ಟಿದ್ದ. ತನ್ನದು ಎಡಗೈ ಎನ್ನುವುದು ಅವನಿಗೆ ಯಾವತ್ತೂ ನೆನಪಿಟ್ಟುಕೊಳ್ಳುವ ವಿಷಯವೇ ಆಗಿರಲಿಲ್ಲ. ಶಾಲೆಯಲ್ಲಿ ಮೇಷ್ಟರು ಹೊಡೆದಾಗ ಅಪ್ಪ ಹೋಗಿ ಜಗಳವಾಡಿ, ಚಕ್ರದ ಮೇಲೆ ಮಣ್ಣು ಎಳೆಯೋ ಕೈ ಇದು, ಮುಟ್ಟಬೇಡಿ ಎಂದು ಬಂದಿದ್ದ, ಅಲ್ಲಿಗೆ ಮುಗಿದಿತ್ತು. ಆ ಹಾಳೆಯನ್ನು ನಕಲು ಮಾಡಿದ್ದೂ ಅದೇ ಕೈ. ಈಗ ಚಹ ಬಗ್ಗಿಸಿದ್ದೂ ಅದೇ, ಮೊಟ್ಟೆ ಸುಲಿದದ್ದೂ ಅದೇ. 

"ಅದೇ ತಾನೇ?" ಅಂದಳು ಮಿಯೆನ್.

"ಹ್ಞಾಂ... ಅದೇ."

"ಹಾಗಿದ್ರೆ ಇಲ್ಲಿ ಸಹಿ." ಅವಳು ಮುದ್ರೆಯೊತ್ತಿದ ನಮೂನೆ ಮತ್ತು ಪೆನ್ನು ಮುಂದಿಟ್ಟಳು. "ಇರಿ ಇರಿ, ಈಗಲೇ ಹಾಕಬೇಡಿ, ಫೋಟೋ ಬೇಕು. ಕ್ಯಾಮೆರಾದವನು ಕ್ಯಾಂಟೀನಲ್ಲಿ ಬಿದ್ಕೊಂಡಿರ್ತಾನೆ, ಎಳ್ಕೊಂಡು ಬರ್ತೀನಿ" ಎಂದು ಓಡಿದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ನಿಂತಿತು.

ಈಗಲೇ ಹಾಕಿಬಿಡುವುದು ಒಳ್ಳೆಯದು, ಕ್ಯಾಮೆರಾ ಬರುವ ಮೊದಲು, ಅನ್ನಿಸಿತು ಅವನಿಗೆ. ಪೆನ್ನು ತೆಗೆದುಕೊಂಡ. ಬಲಗೈಯಲ್ಲಿ. ಎಡಗೈಯನ್ನು ಮೇಜಿನ ಕೆಳಗೆ ತೊಡೆಗೆ ಒತ್ತಿಕೊಂಡ. ಬಲಗೈ ಬೆರಳುಗಳು ಪೆನ್ನನ್ನು ಗುದ್ದಲಿಯ ಹಿಡಿ ಹಿಡಿದಂತೆ ಹಿಡಿದವು. ಮೊದಲ ಅಕ್ಷರದ ಗೆರೆ ನಡುಗಿ ಕೆಳಗಿನ ಸಾಲಿಗೆ ಜಾರಿತು. ಪದಕಗಳು ಕಿಣಿಕಿಣಿ ಅಂದವು. ಹಣೆಯ ಬೆವರು ನಮೂನೆಯ ಮೇಲೆ ಬಿತ್ತು.

"ಎಡಗೈಯಲ್ಲೇ ಹಾಕಣ್ಣ" ಅಂದಳು ಥೋಮ್, ಮೆತ್ತಗೆ. "ಯಾಕೆ ಒದ್ದಾಡ್ತೀಯ?"

ಅವನು ಜಾರಿದ ಗೆರೆಯನ್ನೇ ತಿದ್ದತೊಡಗಿದ.

"ನಮ್ಮಣ್ಣಂಗೆ ಎಡಗೈಯಲ್ಲಿ ಮೂಗು ಒರೆಸಿಕೊಳ್ಳೋಕೂ ಬರ್ತಿರಲಿಲ್ಲ. ಹಾಡಂತೂ ಕೇಳಬೇಡ, ಬಾತುಕೋಳಿಗಳೇ ಓಡಿಹೋಗ್ತಿದ್ವು. ಇನ್ನು ಈಜು! ಮೊಣಕಾಲುದ್ದ ನೀರಿಗೆ ಇಳೀತಿರಲಿಲ್ಲ, ಕೊಳದಿಂದ ಬಾತು ಅಟ್ಟೋಕೆ ನನ್ನನ್ನ ಇಳಿಸಿ ತಾನು ದಡದಲ್ಲಿ ನಿಂತು ಯಜಮಾನಿಕೆ ಮಾಡ್ತಿದ್ದ. ಕಾಗದ ಬಂದ ದಿನ ಮೇಷ್ಟರು ಓದ್ತಿದ್ರೆ ಅಮ್ಮ ಅಳ್ತಾ ಅಳ್ತಾ ನಡುವೆ ನಕ್ಕುಬಿಟ್ರು. ಇದು ನನ್ನ ಮಗ ಅಲ್ಲ ಅಂದ್ರು."

"ಗೊತ್ತಿತ್ತಾ?" ಅಂದ ಅವನು. "ಅವತ್ತಿಂದಾನಾ?"

"ಅವತ್ತಿಂದಾನೇ. ಅಮ್ಮ ಏನಂದುಕೊಂಡ್ರು ಗೊತ್ತಾ, ಸತ್ತ ಇಬ್ಬರು ಹುಡುಗರ ಕಾಗದ ಅದಲುಬದಲಾಗಿದೆ ಅಂತ. ಇನ್ನೊಬ್ಬಳು ತಾಯಿ ಎಲ್ಲೋ ಕೂತು ನನ್ನ ಮಗನ ಪತ್ರ ಓದಿಸ್ಕೊಂಡು ಇವನು ಯಾರಪ್ಪ ಅಂತಿರ್ತಾಳೆ, ಪಾಪ, ಅಂತ. ಅದಕ್ಕೇ ತಿಥಿ ದಿನ ಎರಡು ಬಟ್ಟಲು ಇಡ್ತಿದ್ವಿ. ಒಂದು ನಮ್ಮಣ್ಣಂಗೆ, ಒಂದು ಎಡಗೈ ಹುಡುಗಂಗೆ. ಅವನ ಬಟ್ಟಲಿಗೆ ಅನ್ನ ತಿನ್ನೋ ಕಡ್ಡಿಗಳನ್ನ ಎಡಗಡೆ ಇಡು ಅಂತ ನನಗೆ ಬೈತಿದ್ರು." ಅವಳು ಮೂಗು ಸೀದಿಕೊಂಡಳು. "ನಲವತ್ತಾರು ವರ್ಷ ಊಟ ಹಾಕಿದೀವಿ ನಿನಗೆ. ನೀನು ನೋಡಿದ್ರೆ ಇಲ್ಲಿ ಕೂತು ಮೊಟ್ಟೆ ತಿಂತಿದೀಯ!"

ನಗುತ್ತಾಳೋ ಬೈಯುತ್ತಾಳೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತಿರಲಿಲ್ಲ. ಬದುಕಿರುವವನಿಗೆ ಇಟ್ಟ ಅಷ್ಟೂ ಬಟ್ಟಲುಗಳು, ಅಷ್ಟೂ ವರ್ಷದ ಬಿಸಿ ಅನ್ನ, ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದು ನಿಂತವು. ಎದ್ದು ಹಿತ್ತಲಿಗೆ ಓಡಬೇಕು ಅನ್ನಿಸಿತು, ಹೊಟ್ಟೆ ತಿರುಚುತ್ತಿತ್ತು, ಇವತ್ತಿನ ನೋವಂತೂ ನಿಜ, ಆಣೆ ಮಾಡಿ ಹೇಳಬಹುದು. ಅವನು ಏಳಲಿಲ್ಲ. ಕುರ್ಚಿಯ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕೂತ.

"ಸರಿ, ನೀನು ಬದುಕಿದೀಯ, ಒಳ್ಳೇದೇ ಆಯ್ತು" ಅಂದಳು ಥೋಮ್. ಈಗ ಅವಳು ಮುಂದಕ್ಕೆ ಬಾಗಿದ್ದಳು. "ನಾನು ಈ ಹಾಳೆ ಕೊಡೋಕೆ ಬಂದವಳಲ್ಲಣ್ಣ. ಬದಲಾಯಿಸ್ಕೊಂಡು ಹೋಗೋಕೆ ಬಂದೆ. ನಿನ್ನದು ನಮ್ಮ ಹತ್ರ ಬಂತು ಅಂದಮೇಲೆ ನಮ್ಮಣ್ಣಂದು ನಿನ್ನ ಹತ್ರ ಇರಬೇಕಲ್ವಾ? ಅವನ ಬಗ್ಗೆ ಏನು ಓದಿದ್ರು? ಅಮ್ಮ ಸಾಯೋ ಮೊದ್ಲೂ ಅದನ್ನೇ ಕೇಳಿದ್ರು. ಎಲ್ಲಿದೆ ಅದು?"

ಕಿಟಕಿಯಾಚೆ ಸೂ ಇನ್ನೂ ಗುಡಿಸುತ್ತಿದ್ದ. ನರ್ಸಿಂಗ್ ಹುಡುಗಿಯರ ಬಸ್ಸು ಹಾರ್ನ್ ಮಾಡಿತು. ಕಳೆದುಹೋಯಿತು ಅನ್ನಬಹುದು. ಬಾಂಬಿನಲ್ಲಿ ಸುಟ್ಟುಹೋಯಿತು ಅನ್ನಬಹುದು. ಅವಳು ನಂಬುತ್ತಾಳೆ, ನಾಲ್ಕು ಗಂಟೆ ಬಸ್ಸಿನಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ನಂಬುತ್ತಲೇ ಹೋಗುತ್ತಾಳೆ. ಆ ಮಾತು ಅವನ ನಾಲಿಗೆಯ ಮೇಲೆ ಬಂದೇಬಿಟ್ಟಿತ್ತು.

"ಇಲ್ಲಮ್ಮ" ಅಂದ. "ಅವನಿಗೆ ಓದಲೇ ಇಲ್ಲ. ಹೋಗಬೇಕಾಗಿದ್ದೋನು ನಾನು. ನನಗೆ ಓದಿದ್ರು. ಆಮೇಲೆ ನಾನು ಹೊಟ್ಟೆನೋವು ಅಂತ ಪೊದೆಗೆ ಹೋದೆ. ಎದ್ದು ಬರಬಹುದಿತ್ತು. ಬರಲಿಲ್ಲ. ಅವನು ಹೋದ." ಇಷ್ಟು ಸಣ್ಣ ಮಾತೇ ಅದು ಎಂದು ಅವನಿಗೇ ಆಶ್ಚರ್ಯವಾಯಿತು.

ಥೋಮ್ ಮೇಜಿನ ಮೇಲೆ ಬಿದ್ದಿದ್ದ ಮೊಟ್ಟೆಯ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಗೆ ಹಾಕಿಕೊಂಡಳು. ಮುಷ್ಟಿ ಬಿಗಿದಾಗ ಸಿಪ್ಪೆ ಪುಡಿಯಾದ ಸದ್ದು ಕೇಳಿಸಿತು. ಹೊಡೆಯುತ್ತಾಳೆ ಅಂದುಕೊಂಡು ಅವನು ಮುಖ ಮುಂದೆ ಮಾಡಿದ. ಹೊಡೆದರೆ ಸಾಕು ಅನ್ನಿಸಿತ್ತು.

"ಓದದೇನೇ ಕಳಿಸಿಬಿಟ್ರಾ?" ಅಂದಳು ಕೊನೆಗೆ. "ಒಂದು ಮಾತೂ ಇಲ್ಲದೆ? ನಾಯಿ ಕಳಿಸಿದ ಹಾಗೆ?" ಅವಳ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಎಷ್ಟು ವರ್ಷದಿಂದ ಇಲ್ಲಿ ಬಂದು ಅವನ ಕಥೆ ಹೇಳ್ತಿದೀಯ?"

"ಹನ್ನೊಂದು."

"ಅಷ್ಟು ವರ್ಷದಲ್ಲಿ ಅವನ ಬಗ್ಗೆ ಒಂದಾದ್ರೂ ನಿಜ ಹೇಳಿದೀಯಾ? ಅವನದೇ ಅನ್ನೋ ಒಂದು ಮಾತು?"

ಅವನು ಯೋಚಿಸಿದ. ಸೀದ ಅನ್ನದ ತಳಕ್ಕೆ ಜಗಳವಾಡುತ್ತಿದ್ದ. ಇಂಜಿನ್‌ಗೆ ಅತ್ತಿಗೆ ಅನ್ನುತ್ತಿದ್ದ. ನಿದ್ದೆಯಲ್ಲಿ ಬಾತುಕೋಳಿ ಕರೆಯುತ್ತಿದ್ದ. ಇದ್ಯಾವುದನ್ನೂ ಅವನು ದೋಣಿಯ ಪಕ್ಕ ನಿಂತು ಹೇಳಿರಲಿಲ್ಲ. ಕಣ್ಣೀರು ತರಿಸುವ ಕಥೆಯಲ್ಲಿ ಅದಕ್ಕೆಲ್ಲ ಜಾಗವಿರಲಿಲ್ಲ.

ಥೋಮ್ ಮುದ್ರೆಯೊತ್ತಿದ ನಮೂನೆಯನ್ನು ಅವನ ಮುಂದಿನಿಂದ ಎಳೆದು, ಮಗುಚಿ, ಖಾಲಿ ಬದಿ ಮೇಲೆ ಮಾಡಿ ಮತ್ತೆ ಅವನ ಮುಂದಿಟ್ಟಳು. ಪೆನ್ನನ್ನು ಅವನ ಬಲಗೈಯಿಂದ ಕಿತ್ತು ಎಡಗೈಗೆ ಕೊಟ್ಟಳು. "ಬರಿ" ಅಂದಳು. "ಓದಿ ಕಳಿಸಬೇಕಾಗಿತ್ತಲ್ಲ, ಈಗ ಬರಿ. ನಾನು ತಗೊಂಡು ಹೋಗ್ತೀನಿ. ಸುಳ್ಳು ಸೇರಿಸಿದ್ರೆ ನನಗೆ ಗೊತ್ತಾಗತ್ತೆ, ತಿಳ್ಕೋ."

ಮೆಟ್ಟಿಲ ಮೇಲೆ ಮಿಯೆನ್‌ಳ ಚಪ್ಪಲಿ ಸದ್ದು, ಹಿಂದೆ ಕ್ಯಾಮೆರಾದವನ ಗೊಣಗಾಟ. "ಆಯ್ತಾ ಚಿಕ್ಕಪ್ಪ, ಹಾಕಿಬಿಟ್ರಾ?" ಎಂದು ಅವಳು ಬಾಗಿಲಿಂದಲೇ ಕೇಳಿದಳು. "ಇಲ್ಲ ಮಗಳೇ, ಈಗ ಶುರು ಮಾಡ್ತಿದಾರೆ" ಅಂದಳು ಥೋಮ್. ಥುಯೆನ್ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ, ಪದಕಗಳ ಸದ್ದು ನಿಂತಿತು. ಎಡಗೈ ಕಾಗದದ ಮೇಲೆ ತಾನಾಗಿ ಹಿಂದಕ್ಕೆ ವಾಲಿತು, ಅಕ್ಷರಗಳು ಅಂದಿನಂತೆಯೇ ದುಂಡಗೆ ಬಂದವು.

ಕಾಮ್ರೇಡ್ ಖಾಂಗ್‌ಗೆ ಈಜು ಬರುತ್ತಿರಲಿಲ್ಲ, ಎಂದು ಅವನು ಬರೆದ. ದೋಣಿ ಹತ್ತುವ ಮೊದಲು ನನಗೆ ಅದನ್ನು ಹೇಳಿಯೇ ಹತ್ತಿದ.